ಬ್ರೇಕ್ ಮೇಷ್ಟ್ರು ಕೊಂಡ ಜೀಪು

ಊರಿನ ಅರ್ಧದಷ್ಟು ಜನಕ್ಕೆ ಕಾರು ಕಲಿಸಿದವರು ಬ್ರೇಕ್ ಮೇಷ್ಟ್ರು. ಅವರ ನಿಜವಾದ ಹೆಸರು ಡ್ರೈವಿಂಗ್ ಶಾಲೆಯ ಬೋರ್ಡು ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಕಲಿಯುವವರ ಪಕ್ಕದ ಸೀಟಿನಲ್ಲಿ ಕುಳಿತು, ತಮ್ಮ ಕಡೆಗಿದ್ದ ಎರಡನೇ ಬ್ರೇಕಿನ ಮೇಲೆ ಬಲಗಾಲಿಟ್ಟು, "ನಿಧಾನ, ನಿಧಾನ" ಎಂದು ಜಪ ಮಾಡುತ್ತಲೇ ಅವರ ತಲೆ ಬೆಳ್ಳಗಾಗಿತ್ತು. ಎಡಗಾಲಿನ ಚಪ್ಪಲಿ ಹೊಸದರಂತಿರುವಾಗಲೇ ಬಲಗಾಲಿನದು ಸವೆದು ಹೋಗುತ್ತಿತ್ತು. "ಒಂಟಿ ಚಪ್ಪಲಿ ಮಾರೋ ಅಂಗಡಿ ಇದ್ದಿದ್ರೆ ನೀವೇ ಮೊದಲನೇ ಗಿರಾಕಿ" ಎಂದು ಚಪ್ಪಲಿ ಹೊಲಿಯುವವನು ನಗುತ್ತಿದ್ದ.

ಆ ಕಾಲು ಮನೆಯಲ್ಲೂ ಸುಮ್ಮನಿರುತ್ತಿರಲಿಲ್ಲ. ಟಿವಿಯಲ್ಲಿ ಯಾರಾದರೂ ಕಾರನ್ನು ಜೋರಾಗಿ ಓಡಿಸಿದರೆ ಇಲ್ಲಿ ಮೇಷ್ಟ್ರು ನೆಲ ಒತ್ತುತ್ತಿದ್ದರು. ಅಳಿಯನಂತೂ ಮಾವನನ್ನು ಕಾರಿಗೆ ಹತ್ತಿಸಿಕೊಳ್ಳುವುದೆಂದರೆ ಏನಾದರೊಂದು ನೆಪ ಹೇಳಿ ಜಾರಿಕೊಳ್ಳುತ್ತಿದ್ದ.

ಇಂಥವರ ಹೆಂಡತಿಗೇ ಕಾರು ಬರುವುದಿಲ್ಲ, ದೀಪದ ಬುಡದಲ್ಲೇ ಕತ್ತಲೆ ಎಂದು ಊರವರು ಆಡಿಕೊಳ್ಳುತ್ತಿದ್ದರು. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದುದರಿಂದ ಎಲ್ಲರಿಗೂ ಟೈಲರಮ್ಮ. ಮದುವೆಯಾದ ಹೊಸದರಲ್ಲಿ ಮೇಷ್ಟ್ರು ಅವರಿಗೂ ಕಲಿಸಲು ಹೊರಟಿದ್ದುಂಟು. ಟೈಲರಮ್ಮ ಗೇರು ಹಾಕುವ ಮೊದಲೇ ಇವರು ಬ್ರೇಕು ಹಾಕುತ್ತಿದ್ದರು. ಮೂರನೆಯ ದಿನ ಮಾರ್ಕೆಟ್ಟಿನ ನಟ್ಟನಡುವೆ ಕಾರು ಜರ್ರನೆ ನಿಂತಾಗ ಟೈಲರಮ್ಮ ಬಾಗಿಲು ತೆಗೆದು ಇಳಿದರು, ನೆಟ್ಟಗೆ ಮನೆಗೆ ನಡೆದುಬಿಟ್ಟರು. ಅಂದಿನಿಂದ ಗಂಡನ ಪಕ್ಕ ಯಾವ ಗಾಡಿಯಲ್ಲೂ ಕೂತವರಲ್ಲ. ಒಂದೇ ಮದುವೆಗೆ ಹೊರಟರೂ ಬಸ್ಸಿನಲ್ಲಿ ಬೇರೆ ಬೇರೆ ಸೀಟು. ಮನೆಯೊಳಗೆ ಹಾಲು ಸಕ್ಕರೆಯಂತಿದ್ದ ಸಂಸಾರ ಹೊಸ್ತಿಲು ದಾಟಿದ ಕೂಡಲೇ ಇಬ್ಭಾಗವಾಗುತ್ತಿತ್ತು. ಮೇಷ್ಟ್ರಿಗೆ ಇದು ಬಾಯಿಬಿಟ್ಟು ಹೇಳಿಕೊಳ್ಳಲಾಗದ ನೋವು.

ನಿವೃತ್ತರಾದ ಮೇಲೆ ಅವರ ತಲೆಗೆ ಒಂದು ಹುಳ ಹೊಕ್ಕಿತು. ಟೈಲರಮ್ಮನ ತವರು ಗುಡ್ಡದ ತುದಿಯಲ್ಲಿತ್ತು. ಬಸ್ಸು ಬುಡದಲ್ಲೇ ನಿಲ್ಲುತ್ತದೆ, ಅಲ್ಲಿಂದ ಮೇಲೆ ಬರೀ ಕಲ್ಲು ಕೆಸರಿನ ದಾರಿ. ಮಂಡಿ ನೋವು ಶುರುವಾದಾಗಿನಿಂದ ಟೈಲರಮ್ಮ ಅಣ್ಣನ ಮನೆಯ ಕಡೆ ಮುಖ ಹಾಕಿರಲಿಲ್ಲ. ಗುಡ್ಡ ಹತ್ತುವ ಜೀಪೊಂದು ಇದ್ದರೆ? ಇಬ್ಬರೂ ಅಕ್ಕಪಕ್ಕ ಕೂತು ಹೋಗುವಂತಾದರೆ?

ಜೀಪು ಇದ್ದದ್ದು ಮೇಷ್ಟ್ರ ಹಳೇ ಶಿಷ್ಯನ ಗ್ಯಾರೇಜಿನಲ್ಲಿ. ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ, ಕೊನೆಗೆ ಒಳ್ಳೆಯ ಮೆಕ್ಯಾನಿಕ್ ಆದವನು ಅವನು. ಕೆಸರುಗದ್ದೆಯಂಥ ಮೈದಾನಗಳಲ್ಲಿ ರೇಸಿಗೆಂದು ಹಳೇ ಜೀಪಿಗೆ ಸರಕು ಸಾಗಿಸುವ ಟ್ರಕ್ಕಿನ ಇಂಜಿನ್ ಕೂರಿಸಿದ್ದ. ಅದನ್ನು ಒಳಗೆ ಹಿಡಿಸಲೆಂದು ಬಾನೆಟ್ಟನ್ನು ಎತ್ತರಿಸಿ, ರೇಡಿಯೇಟರನ್ನು ದೊಡ್ಡದು ಮಾಡಿ, ಗೇರ್‌ಬಾಕ್ಸನ್ನೇ ಬದಲಾಯಿಸಿದ್ದ. ಈಗ ಅವನ ಸೊಂಟ ಕೈಕೊಟ್ಟಿತ್ತು, ಕುಲುಕಾಟ ಕೂಡದೆಂದು ಡಾಕ್ಟರು ಹೇಳಿದ್ದರು, ಹಾಗಾಗಿ ಜೀಪನ್ನು ಮಾರಲು ಹೊರಟಿದ್ದ.

"ಜೀವಮಾನವೆಲ್ಲ ಬ್ರೇಕ್ ಒತ್ತಿದವರಿಗೆ ಈಗ ಟ್ರಕ್ ಇಂಜಿನ್ ಬೇಕಾಯ್ತಾ?" ಎಂದರು ಟೈಲರಮ್ಮ, ಮಿಷನ್ನಿನಿಂದ ತಲೆಯೆತ್ತದೆ.

"ನಿನ್ನ ತವರಿಗೆ ಹೋಗೋಣ ಅಂತ ಕಣೇ. ಇಬ್ಬರೂ."

ಸೂಜಿ ನಿಂತಿತು. "ನೋಡೋಕೆ ಬರ್ತೀನಿ. ಹತ್ತೋದು ಬಿಡೋದು ಆಮೇಲಿನ ಮಾತು."

ಗ್ಯಾರೇಜಿನಲ್ಲಿ ಮೇಷ್ಟ್ರು ಮೊದಲು ಮಾಡಿದ ಕೆಲಸ ಬಾನೆಟ್ಟಿನ ಮೇಲೆ ಅಂಗೈ ಇಟ್ಟದ್ದು. "ಏನಪ್ಪಾ, ಜ್ವರ ಬಂದ ಹಾಗಿದೆ ನಿನ್ನ ಗಾಡಿಗೆ?"

ಮೆಕ್ಯಾನಿಕ್ ತಲೆ ಕೆರೆದುಕೊಂಡ. "ನೀವು ಬರ್ತೀರಿ ಅಂತ ಸ್ವಲ್ಪ ಬಿಸಿ ಮಾಡಿಟ್ಟಿದ್ದೆ ಮೇಷ್ಟ್ರೇ."

"ಆರಲಿ ಬಿಡು. ಬಿಸಿ ಇದ್ರೆ ಗುಜರಿ ಗಾಡಿನೂ ಸ್ಟಾರ್ಟ್ ಆಗುತ್ತೆ."

ಇಂಜಿನ್ ಆರುವವರೆಗೆ ಮೇಷ್ಟ್ರು ಗಾಡಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿ ಚಾಸಿಯನ್ನು ಸ್ಪ್ಯಾನರಿನಿಂದ ತಟ್ಟಿ ತಟ್ಟಿ ಸದ್ದು ಕೇಳಿದರು. ಬೆಸುಗೆಗಳನ್ನು ಟಾರ್ಚು ಹಾಕಿ ನೋಡಿದರು. ಇಂಜಿನ್ ಬದಲಾಯಿಸಿದ್ದು ಕಾಗದಪತ್ರದಲ್ಲಿ ದಾಖಲಾಗಿದೆಯೇ ಎಂದು ವಿಚಾರಿಸಿದರು. ಟೈಲರಮ್ಮ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಾ, ಹರಿದ ಸೀಟಿನ ಹೊಲಿಗೆ ನೋಡಿ ಮೂಗು ಮುರಿದರು. ಆಮೇಲೆ ಕೀ ತಿರುಗಿಸಿದಾಗ ತಣ್ಣಗಿದ್ದ ಇಂಜಿನ್ ಒಂದೇ ಏಟಿಗೆ ಎದ್ದಿತು. ಗೋಡೆಯ ಹಲಗೆಯ ಮೇಲಿದ್ದ ಆಯಿಲ್ ಡಬ್ಬಿಗಳೆಲ್ಲ ಗಡಗಡ ನಡುಗಿದವು. ಮೇಷ್ಟ್ರ ಮುಖ ಅರಳಿತು.

"ಹಿಂದುಗಡೆ ಮೈದಾನದಲ್ಲಿ ಓಡಿಸಿ ನೋಡಿ ಮೇಷ್ಟ್ರೇ, ಆ ದಿಬ್ಬ ಹತ್ತಿಸಿ" ಎಂದ ಮೆಕ್ಯಾನಿಕ್.

ಮೇಷ್ಟ್ರು ಅಂಗಿ ಕೊಡವಿಕೊಂಡು, ಜೀಪನ್ನು ಒಂದು ಸುತ್ತು ಬಂದು, ಬಾಗಿಲು ತೆಗೆದು ಹತ್ತಿದರು. ಬೆಲ್ಟು ಹಾಕಿಕೊಂಡರು. ಬಲಗಾಲು ಮುಂದಿಟ್ಟರು. "ಸೀಟು ಮುಂದಕ್ಕೆ ಎಳ್ಕೊಳ್ಳಿ, ಕನ್ನಡಿ ನೋಡ್ಕೊಳ್ಳಿ" ಎಂಬ ಮಾತು ತಾನಾಗಿಯೇ ಬಾಯಿಂದ ಬಂತು. ಆಗಲೇ ಗೊತ್ತಾದದ್ದು, ಸ್ಟೇರಿಂಗ್ ತಮ್ಮ ಮುಂದಿಲ್ಲ, ಪಕ್ಕದ ಖಾಲಿ ಸೀಟಿನ ಮುಂದಿದೆ ಎಂದು. ಮೆಕ್ಯಾನಿಕ್ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿಬಿಟ್ಟ. ಮೇಷ್ಟ್ರಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು.

ಅವರು ಬೆಲ್ಟು ಬಿಚ್ಚುವಷ್ಟರಲ್ಲಿ ಆ ಕಡೆಯ ಬಾಗಿಲು ತೆರೆಯಿತು. ಟೈಲರಮ್ಮ ಹಿಡಿಕೆ ಹಿಡಿದು, ಉಸ್ಸೆಂದು ಮೇಲೆ ಹತ್ತಿ ಕೂತರು. "ಇಳಿಬೇಡಿ. ಕೂತ್ಕೊಳ್ಳಿ."

"ಲೈಸೆನ್ಸ್ ಇಲ್ದೆ ಸ್ಟೇರಿಂಗ್ ಮುಟ್ಟಬಾರದು ಕಣೇ!"

"ಇದೆ. ಸೇತುವೆ ಆಚೆ ಡ್ರೈವಿಂಗ್ ಶಾಲೇಲಿ ಕಲಿತೆ. ಮಗಳ ಬಾಣಂತನಕ್ಕೆ ಹೋಗಿದ್ದಾಗ ಅವಳ ಕಾರೂ ಓಡಿಸಿದೀನಿ."

ಸೇತುವೆ ಆಚೆಯ ಶಾಲೆ! ಮೇಷ್ಟ್ರು ಮೂವತ್ತು ವರ್ಷ ಪೈಪೋಟಿ ನಡೆಸಿದ ಶಾಲೆ. ಕಪಾಳಕ್ಕೆ ಹೊಡೆದಂತಾಯಿತು. ಸಣ್ಣ ದನಿಯಲ್ಲಿ ಕೇಳಿದರು, "ಅಲ್ಲಿ ಅವರು ಬ್ರೇಕ್ ಒತ್ತಲ್ವಾ?"

"ಒತ್ತಿದ್ರು, ಒಂದೇ ಸಲ. ನಾಯಿ ಅಡ್ಡ ಬಂದಾಗ."

"ನಂಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಪರೀಕ್ಷೆ ಮಾಡ್ತೀನಿ ಅಂತ ಪಕ್ಕದಲ್ಲಿ ಬಂದು ಕೂರ್ತಿದ್ರಿ."

ಮೇಷ್ಟ್ರು ಬಿಚ್ಚಲು ಹೊರಟಿದ್ದ ಬೆಲ್ಟನ್ನು ಮತ್ತೆ ಬಿಗಿ ಮಾಡಿಕೊಂಡರು.

"ಅಮ್ಮಾ, ಆಕ್ಸಿಲರೇಟರ್ ಜೋರಾಗಿ ಒತ್ತಿದ್ರೆ ಕುಪ್ಪಳಿಸಿಬಿಡುತ್ತೆ!" ಎಂದು ಮೆಕ್ಯಾನಿಕ್ ಕೂಗಿದ. ಆದರೆ ಮೋಟಾರು ಮಿಷನ್ನಿನ ಪೆಡಲನ್ನು ಕಾಲಬೆರಳಲ್ಲೇ ಅಂಕೆಯಲ್ಲಿಟ್ಟು ರೇಷ್ಮೆ ಹೊಲಿದ ಪಾದ ಅದು. ಟ್ರಕ್ಕಿನ ಇಂಜಿನ್ ಸದ್ದು ಮಾಡಿತೇ ಹೊರತು ಹಾರಲಿಲ್ಲ. ಜೀಪು ಮೈದಾನ ದಾಟಿ ದಿಬ್ಬಕ್ಕೆ ಮೂತಿ ಎತ್ತಿತು. ಮುಂದೆ ಬರೀ ಆಕಾಶ. ಮೇಷ್ಟ್ರ ಬಲಗಾಲು ಢಣ್ಣೆಂದು ತಗಡಿಗೆ ಬಡಿಯಿತು. ಜೀಪು ನಿಲ್ಲಲಿಲ್ಲ. ಇನ್ನೊಮ್ಮೆ ಒತ್ತಿದರು. ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಅದು ಹತ್ತುತ್ತಲೇ ಇತ್ತು.

"ಒತ್ತಿ, ಎಷ್ಟು ಬೇಕಾದ್ರೂ ಒತ್ತಿ. ಅಲ್ಲಿ ಏನೂ ಇಲ್ಲ" ಎಂದು ಟೈಲರಮ್ಮ ಗಟ್ಟಿಯಾಗಿ ನಕ್ಕರು.

ದಿಬ್ಬದ ನೆತ್ತಿಯಲ್ಲಿ ಗಾಡಿ ನಿಂತಿತು. ಕೆಳಗೆ ಊರಿನ ಚಾವಣಿಗಳು, ಒಣಹಾಕಿದ ಬಟ್ಟೆಗಳು, ಸೇತುವೆ. ಪಕ್ಕದ ಸೀಟಿನಿಂದ ಇಷ್ಟೆಲ್ಲ ಕಾಣುತ್ತದೆಂದು ಮೇಷ್ಟ್ರಿಗೆ ತಿಳಿದಿರಲಿಲ್ಲ. ಇಷ್ಟು ವರ್ಷ ಅಲ್ಲಿ ಕೂತು ಅವರು ನೋಡಿದ್ದು ಬೇರೆಯವರ ಕಾಲುಗಳನ್ನು.

ಗ್ಯಾರೇಜಿಗೆ ಮರಳಿದ ಮೇಲೆ ಮೆಕ್ಯಾನಿಕ್ ಕೇಳಿದ, "ನಿಮ್ಮ ಕಡೆಗೂ ಒಂದು ಬ್ರೇಕ್ ಕೂರಿಸಿಕೊಡ್ಲಾ ಮೇಷ್ಟ್ರೇ? ಅರ್ಧ ದಿನದ ಕೆಲಸ."

ಇಳಿಯುತ್ತಿದ್ದ ಟೈಲರಮ್ಮ ಹಾಗೆಯೇ ನಿಂತರು. ಮೇಷ್ಟ್ರ ಕಾಲು ಬೇಕು ಬೇಕು ಎನ್ನುತ್ತಿತ್ತು. ಅವರು ಹೆಂಡತಿಯ ಮುಖ ನೋಡಿದರು.

"ಬೇಡ ಕಣೋ" ಎಂದರು.

ಕಾಗದಪತ್ರವೆಲ್ಲ ಮುಗಿದು ಜೀಪು ಮನೆಗೆ ಬಂದಮೇಲೆ ಒಂದು ಬೆಳಿಗ್ಗೆ ಇಬ್ಬರೂ ಹೊರಟರು. ಸೀಟಿಗೆ ಟೈಲರಮ್ಮ ಹೊಲಿದ ಹೊಸ ಕವರು ಬಂದಿತ್ತು. ಗುಡ್ಡದ ಬುಡದಲ್ಲಿ ಟಾರು ರಸ್ತೆ ಮುಗಿದು ಕಲ್ಲುದಾರಿ ಶುರುವಾಯಿತು. ಟೈಲರಮ್ಮ ಗಾಡಿ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಬಲ ಕೊಡುವ ಸಣ್ಣ ಗೇರನ್ನು ಎಳೆದು, ಗಂಡನ ಕಡೆ ಓರೆನೋಟ ಬೀರಿದರು.

ಮೇಷ್ಟ್ರು ಬಗ್ಗಿ ಎರಡೂ ಚಪ್ಪಲಿ ಬಿಚ್ಚಿ ಸೀಟಿನಡಿಗೆ ತಳ್ಳಿದರು. ಆಮೇಲೆ ಕಾಲು ಮೇಲಕ್ಕೆಳೆದುಕೊಂಡು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಏನ್ರೀ ಇದು?"

"ಕಾಲಿಗೆ ರಜ ಕೊಟ್ಟಿದೀನಿ. ನೀನು ನಡಿ" ಎಂದರು ಮೇಷ್ಟ್ರು.