ಹದಿನೇಳು ಹೆಸರಿನ ಬಟ್ಟೆ

ಊರಿನವರೆಲ್ಲ ಅವಳನ್ನು ಕಾಜಾ ಅಕ್ಕ ಅಂತಲೇ ಕರೆಯುತ್ತಿದ್ದರು. ಟೈಲರ್ ಅಂಗಡಿಯ ಮೂಲೆಯಲ್ಲಿ ಮೂವತ್ತು ವರ್ಷ ಕೂತು ಅಂಗಿಗಳಿಗೆ ಕೈಯಲ್ಲೇ ಕಾಜಾ ಹೊಲಿದವಳು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ನೂಲು ಪೋಣಿಸಲು ಯಾರಾದರೂ ತಡಮಾಡಿದರೆ, "ಏನಮ್ಮಾ, ಸೂಜಿ ಜೊತೆ ಮಾತುಕತೆ ನಡೀತಿದೆಯಾ?" ಅಂತ ಕಿಚಾಯಿಸದೆ ಬಿಡುತ್ತಿರಲಿಲ್ಲ.

ಯುದ್ಧದಲ್ಲಿ ಸತ್ತ ಊರಿನ ಹುಡುಗರ ನೆನಪಿಗೆ ಕಲ್ಲುಗಿಲ್ಲು ಬೇಡ, ನಾವೇ ಕೈಯಾರೆ ಏನಾದರೂ ಮಾಡೋಣ ಅಂತ ಎಲ್ಲರೂ ತೀರ್ಮಾನಿಸಿದಾಗ ಕೆಲಸ ಅವಳ ಪಾಲಿಗೆ ಬಂತು. ಸತ್ತವರ ಮನೆಯವರು ಒಂದೊಂದು ಹಳೇ ಅಂಗಿ ತಂದುಕೊಟ್ಟರು. ಅವುಗಳ ತುಂಡುಗಳನ್ನು ದೊಡ್ಡದೊಂದು ದುಪ್ಪಟಿಯ ಮೇಲೆ ಕೂಡಿಸಿ, ಶಾಲೆಯ ಮೇಷ್ಟ್ರು ಸೀಮೆಸುಣ್ಣದಲ್ಲಿ ಬರೆದ ಹೆಸರುಗಳ ಮೇಲೆ ನೂಲು ಎಳೆಯಬೇಕು. ಹದಿನೇಳು ತುಂಡು, ಹದಿನೇಳು ಹೆಸರು. ಭಾನುವಾರ ಶಾಲೆಯ ಗೋಡೆಗೆ ತೂಗುಹಾಕುವುದಿತ್ತು.

ಒಪ್ಪಿಕೊಂಡಳೇನೋ ಸರಿ, ಎದೆ ಮಾತ್ರ ಸದಾ ಡವಡವ. ಅವಳ ಒಬ್ಬನೇ ಮಗನೂ ಅಲ್ಲೇ ಇದ್ದ, ಆ ಹಾಳು ಯುದ್ಧದಲ್ಲಿ. ನಾಲ್ಕು ತಿಂಗಳಿಂದ ಕಾಗದವಿಲ್ಲ. ಅಂಚೆಯವನ ಸೈಕಲ್ ಬೀದಿಗೆ ತಿರುಗಿದರೆ ಸಾಕು, ಹಿತ್ತಿಲಿಗೆ ಓಡಿ, ಇನ್ನೂ ಒಣಗದ ಬಟ್ಟೆಗಳನ್ನು ತೆಗೆಯುತ್ತಾ ನಿಲ್ಲುತ್ತಿದ್ದಳು. ಬಾಗಿಲಿಗೆ ಹೋಗುವುದು ಸೊಸೆಯ ಕೆಲಸ. ಅವಳು "ಏನೂ ಇಲ್ಲ ಅತ್ತೆ" ಅನ್ನುವವರೆಗೆ ಇವಳಿಗೆ ಉಸಿರಿಲ್ಲ.

ಗುರುವಾರ ಹದಿನೇಳನೆಯ ಹೆಸರು ಮುಗಿಯಿತು. ಕೆಳಗೆ ಇನ್ನೂ ಗೇಣಗಲ ದುಪ್ಪಟಿ ಖಾಲಿ ಉಳಿದಿತ್ತು. ಅಯ್ಯೋ, ಅದನ್ನು ನೋಡಿದ್ದೇ ತಡ, ಆ ಖಾಲಿ ಜಾಗ ಯಾರನ್ನೋ ಕರೆಯುತ್ತಿದೆ ಅನ್ನಿಸಿಬಿಟ್ಟಿತು. ಗಡಿಬಿಡಿಯಲ್ಲಿ ಅದನ್ನು ಒಳಕ್ಕೆ ಮಡಚಿ, ಕೊನೆಯ ಹೆಸರಿಗೆ ಒತ್ತಿಕೊಂಡೇ ಅಂಚು ಹೊಲಿದು, ಎರಡೆರಡು ಗಂಟು ಬಿಗಿದಳು.

"ನೋಡೇ, ಮುಗೀತು. ಇನ್ನು ಒಂದು ಹೆಸರಿಗೂ ಜಾಗ ಇಲ್ಲ," ಅಂತ ಪಕ್ಕದಲ್ಲಿ ನೂಲು ಪೋಣಿಸಿಕೊಡುತ್ತಿದ್ದ ಸೊಸೆಗೆ ಅಂದಳು. ಹುಚ್ಚು ಅಂತ ಅವಳಿಗೂ ಗೊತ್ತು. ಆದರೂ ಹೇಳಿದ ಮೇಲೆ ಮನಸ್ಸು ಸ್ವಲ್ಪ ಹಗುರಾಯಿತು.

ಸೊಸೆ ಒಂದು ನೀಲಿ ತುಂಡನ್ನು ಸವರುತ್ತಾ ಕೂತಿದ್ದಳು. "ಅವರಿಗೂ ಈ ನೀಲಿ ಅಂದ್ರೆ ಪ್ರಾಣ ಆಗಿತ್ತು," ಅಂದಳು, ತನ್ನಷ್ಟಕ್ಕೆ.

ಕಾಜಾ ಅಕ್ಕನ ಕೈಯಿಂದ ಕತ್ತರಿ ಜಾರಿತು. "ಆಗಿತ್ತು?"

ಸೊಸೆ ಬಾಯಿಗೆ ಕೈ ಅಡ್ಡ ಹಿಡಿದಳು.

"ಯಾಕೆ 'ಆಗಿತ್ತು' ಅಂದೆ? ನನ್ನ ಮುಖ ನೋಡೇ. ಬಾಯಿ ತಪ್ಪಿ ಬಂತು ಅನ್ನು. ಅನ್ನೇ, ನಿನ್ನ ದಮ್ಮಯ್ಯ!"

ಸೊಸೆ ಎದ್ದು ಹೋಗಿ ಟ್ರಂಕಿನ ತಳದಿಂದ ಸೈನ್ಯದ ಮುದ್ರೆಯಿದ್ದ ಮಡಚಿದ ಕಾಗದವೊಂದನ್ನು ತಂದಳು. "ಹೋದ ವಾರ ಬುಧವಾರ ಬಂತು ಅತ್ತೆ. 'ಏನೂ ಇಲ್ಲ' ಅಂತ ಬಾಯಿಗೆ ಬಂದುಬಿಡ್ತು. ಆಮೇಲೆ ಹೇಳೋಕೆ ಧೈರ್ಯವೇ ಬರಲಿಲ್ಲ."

ಎಂಟು ದಿನ! ಕಾಜಾ ಅಕ್ಕ ಕೂತಲ್ಲೇ ಕುಸಿದಳು. ಎಂಟು ದಿನ ಈ ಹುಡುಗಿ ಪಕ್ಕದಲ್ಲೇ ಕೂತು ಊರವರ ಮಕ್ಕಳ ಹೆಸರಿಗೆಲ್ಲ ನೂಲು ಪೋಣಿಸಿಕೊಟ್ಟಿದ್ದಾಳೆ. ತಡಮಾಡಿದ್ದಕ್ಕೆ ತಾನು ಬೈದೂ ಇದ್ದಾಳೆ.

"ಒಬ್ಬಳೇ ಹೊತ್ಕೊಂಡಿದ್ದೆಯಲ್ಲೇ, ಹುಚ್ಚಿ," ಅಂತ ಸೊಸೆಯನ್ನು ಎಳೆದು ಅಪ್ಪಿಕೊಂಡಳು. ಇಬ್ಬರೂ ಗೊಳೋ ಅಂತ ಅತ್ತರು.

ಬಹಳ ಹೊತ್ತಿನ ಮೇಲೆ ಕಾಜಾ ಅಕ್ಕ ಬ್ಲೇಡು ಹುಡುಕಿ ತಂದು ಬಟ್ಟೆಯನ್ನು ತೊಡೆಯ ಮೇಲೆ ಹರಡಿದಳು.

"ಆ ಕಡೆ ಬಿಗಿಯಾಗಿ ಹಿಡ್ಕೋ," ಅಂದಳು. "ಅವನ ಹೆಸರು ಉದ್ದ. ಅಂಚು ಪೂರ್ತಿ ಬಿಚ್ಚಬೇಕು."