ಬಿಚ್ಚಿದ ಹೊಲಿಗೆ

ದೆವ್ವ, ಪವಾಡ ಅಂತ ಯಾರಾದರೂ ಶುರುಮಾಡಿದರೆ ನಾನು ಎದ್ದುಹೋಗುತ್ತಿದ್ದವಳು. ಈಗ ಕೂತು ಕೇಳುತ್ತೇನೆ. ನಂಬುತ್ತೇನೆ ಅಂತಲ್ಲ, ನಗುವ ಧೈರ್ಯ ಹೋಗಿದೆ. ನೀವು ಬೇಕಾದರೆ ನಗಿ.

ಕೆಲವು ವರ್ಷಗಳ ಹಿಂದೆ ಹೊರಮಾವಿನ ನಾವು ಒಂದಷ್ಟು ಹೆಂಗಸರು ಸೇರಿ, ಅಪಾರ್ಟ್‌ಮೆಂಟುಗಳು ಬರುವ ಮುಂಚಿನ ನಮ್ಮೂರಿನ ನೆನಪಿಗೆಂದು ದೊಡ್ಡದೊಂದು ಕಸೂತಿ ಬಟ್ಟೆ ಹೊಲಿದೆವು. ಹಲಸೂರಿನ ಸಣ್ಣ ಇತಿಹಾಸ ಗ್ಯಾಲರಿಯವರು ಅದನ್ನು ಗೋಡೆಗೆ ಹಾಕುತ್ತೇವೆ ಎಂದಿದ್ದರು. ರಾಗಿ ಹೊಲ, ಗುಂಡುತೋಪು, ಕೆರೆ, ಹೀಗೆ ಯಾರಿಗೆ ಏನು ನೆನಪೋ ಅದನ್ನು ಅವರು ಹೊಲಿಯುವುದು. ಕೆಲಸವೆಲ್ಲ ನಮ್ಮ ಮನೆಯಲ್ಲೇ.

ಸರೋಜಮ್ಮ ಕೆರೆಯಂಚಿನಲ್ಲಿ ಕೆಂಪು ಲಂಗದ ಹುಡುಗಿಯೊಬ್ಬಳನ್ನು ಹೊಲಿದರು. ಅದು ಅವರ ಮಗಳು ಭಾಗ್ಯ. ಚಿಕ್ಕವಳಿದ್ದಾಗ ಅದೇ ಕೆರೆಯಲ್ಲಿ ಮುಳುಗಿ ಸತ್ತವಳು. ಅವಳದೊಂದು ಫೋಟೋ ಕೂಡ ಅವರಲ್ಲಿರಲಿಲ್ಲ.

ನಮ್ಮ ಗುಂಪಿಗೆ ಯಜಮಾನಿಯಂತಿದ್ದ, ಊರಿನ ಜಮೀನುದಾರರ ಮನೆಯ ಲಲಿತಕ್ಕ ಅದನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ಸತ್ತೋದ್ ಮಗೂನ ಇದ್ರಲ್ಲಿ ಯಾಕೆ ತಂದೆ ಸರೋಜಾ? ಶುಭ ಅಂತ ಮಾಡ್ತಿರೋದು. ಬಿಚ್ಚಾಕು."

"ಮೂಲೇಲಿ ಇರ್ಲಿ ಬಿಡಿ ಅಕ್ಕಾ. ಯಾರ್ಗೂ ಕಾಣಲ್ಲ."

"ಕಾಣಲ್ಲ ಅಂದ್ಮೇಲೆ ಯಾಕೆ ಇರ್ಬೇಕು?"

ಬಿಚ್ಚುವುದು ಬೇಡವೆಂದು ನಾನೆಂದೆ. ಉಳಿದವರು ಸೂಜಿಯಿಂದ ಕಣ್ಣೆತ್ತಲಿಲ್ಲ. ಸರೋಜಮ್ಮ ಮಗಳನ್ನು ಒಂದೊಂದೇ ಹೊಲಿಗೆಯಾಗಿ ಬಿಚ್ಚಿದರು. ಮೊದಲು ಲಂಗ, ಆಮೇಲೆ ಕೈಕಾಲು, ಕೊನೆಗೆ ಮುಖ. ಆ ದಾರವನ್ನು ಲಲಿತಕ್ಕ ಕಸಕ್ಕೆ ಹಾಕಿ, ಖಾಲಿಯಾದ ಜಾಗಕ್ಕೆ ತಾವೇ ನೀಲಿ ದಾರದಲ್ಲಿ ನೀರು ತುಂಬಿದರು.

ಸರೋಜಮ್ಮ ಮತ್ತೆ ಬರಲಿಲ್ಲ. ಬಟ್ಟೆ ನನ್ನ ಬೀರುವಿನಲ್ಲೇ ಇತ್ತು. ಗ್ಯಾಲರಿಯ ಗೋಡೆಗೆ ಹಾಕಿದಾಗಲೂ ನಾನು ಪಕ್ಕದಲ್ಲಿದ್ದೆ. ಹುಡುಗಿಯಿದ್ದ ಜಾಗದಲ್ಲಿ ನೀಲಿ ಬಿಟ್ಟರೆ ಬೇರೇನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರೂ ರೇಷ್ಮೆ ಸೀರೆಯುಟ್ಟು ನೋಡಲು ಹೋದೆವು. ಬಟ್ಟೆಯ ಮುಂದೆ ಲಲಿತಕ್ಕ ತಟ್ಟನೆ ನನ್ನ ತೋಳು ಹಿಡಿದುಕೊಂಡರು. ನೀರಿನ ಮೇಲೆ ಹುಡುಗಿ ನಿಂತಿದ್ದಳು. ಅದೇ ಕೆಂಪು ಲಂಗ, ಎರಡು ಜಡೆ. ಸವರಿ ನೋಡಿದೆ. ದಾರದ ಉಬ್ಬು ಕೈಗೆ ಹತ್ತಿತು. ವಾಚ್‌ಮನ್ ಕೂಡ, "ಆ ಕೆಂಪು ಲಂಗದ ಮಗು ಚೆನ್ನಾಗಿದೆ ಮೇಡಂ" ಎಂದ.

ನಾನು ಆಟೋ ಹಿಡಿದು ಹೋಗಿ ಸರೋಜಮ್ಮನನ್ನು ಕರೆತಂದೆ. ದಾರಿಯುದ್ದಕ್ಕೂ ಅವರು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ, "ನಿಜವೇನಮ್ಮಾ? ನನ್ ಮಗಳು ಬಂದವ್ಳಾ?" ಎಂದು ಕೇಳುತ್ತಲೇ ಇದ್ದರು.

ಬಟ್ಟೆಯ ಹತ್ತಿರ ಹೋಗಿ ನಿಂತರು. "ಎಲ್ಲಿ?"

ಅವರ ಬೆರಳು ಹಿಡಿದು ಲಂಗದ ಮೇಲಿಟ್ಟೆ.

"ಇಲ್ಲಿ ಬರೀ ನೀರೈತೆ."

"ಸರ್ಯಾಗಿ ನೋಡು ಸರೋಜಾ, ನಿಂತವ್ಳೆ!" ಎಂದರು ಲಲಿತಕ್ಕ. ನಾವೆಲ್ಲ ಒಟ್ಟಿಗೆ ತೋರಿಸತೊಡಗಿದೆವು. ಇಗೋ ಜಡೆ, ಇಗೋ ಪಾದ. ಸರೋಜಮ್ಮ ಬಟ್ಟೆ ಬಿಟ್ಟು ನಮ್ಮ ಮುಖಗಳನ್ನು ನೋಡಿದರು.

"ಬಿಚ್ಚಿಸಿದ್ದು ಸಾಲ್ದೇನ್ರಮ್ಮಾ? ಕರ್ಸಿ ಆಟ ಆಡ್ತೀರಾ?"

ಅವರು ಮೆಟ್ಟಿಲಿಳಿದು ಹೋದರು. ಆಮೇಲೆ ನನ್ನೊಡನೆ ಮಾತಾಡಿಲ್ಲ. ಬಟ್ಟೆ ಇನ್ನೂ ಅಲ್ಲೇ ಇದೆ, ಬಂದವರಿಗೆಲ್ಲ ಹುಡುಗಿ ಕಾಣುತ್ತಾಳೆ. ಆ ದಾರ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಅದಕ್ಕಿಂತಲೂ ಗೊತ್ತಾಗದ್ದು ಇನ್ನೊಂದಿದೆ. ಹೆತ್ತವಳಿಗೆ ಕಾಣಿಸಿಕೊಳ್ಳದ ಮಗು, ಮತ್ತೆ ಯಾರನ್ನು ನೋಡಲು ಬಂತು?