ಮರ ಜಾರಿದ ಮಾತು

ತಾಳೆ ಮರದಿಂದ ಮೂರು ಮೊಳ ಜಾರುವುದನ್ನು ತೆಲಂಗಾಣದ ಜನಗಾಂವ್ ಕಡೆಯ ಹೆಂಡ ಇಳಿಸುವವರು ಜಾರುವುದೆಂದೇ ಎಣಿಸುವುದಿಲ್ಲ. ಹದಿನಾರಕ್ಕೇ ಸೊಂಟಕ್ಕೆ ಹಗ್ಗ ಸುತ್ತಿಕೊಂಡ ಶ್ರೀಶೈಲಂ ಹನ್ನೊಂದು ವರ್ಷದಲ್ಲಿ ಎಷ್ಟೋ ಸಲ ಎದೆ ತರಚಿಕೊಂಡು, ಎಣ್ಣೆ ಸವರಿಕೊಂಡು ಮುಂದಿನ ಮರ ಹತ್ತಿದವನು. ಜಾರಿದ್ದನ್ನು ಅಂದೇ ಬಾಯಿಬಿಟ್ಟರೆ ಮರ ಮತ್ತೆ ಕರೆಯುತ್ತದೆ ಎಂದು ಅವನಪ್ಪ ಹೇಳಿ ಸತ್ತಿದ್ದ. ಹಾಗಾಗಿ ಮಗನೂ ಎಂದೂ ತುಟಿಪಿಟಕ್ಕೆನ್ನುತ್ತಿರಲಿಲ್ಲ.

ಆ ದಿನ ಬೆಳಗ್ಗೆ ಆರಕ್ಕೆ ಜಾರಿದಾಗ ಮಾತ್ರ ಒಣ ಗರಿಯ ಬುಡ ತೊಡೆಸಂದಿಗೆ ಬಡಿಯಿತು. ಕಣ್ಣು ಕತ್ತಲಿಟ್ಟು, ಹೊಟ್ಟೆ ತೊಳಸಿ, ಮರವನ್ನೇ ತಬ್ಬಿ ನಿಂತ. ಬೀಜಕ್ಕೆ ಪೆಟ್ಟು ತಿನ್ನದ ಗಂಡಸು ಯಾರಿದ್ದಾನೆ? ಹುಡುಗನಾಗಿದ್ದಾಗ ಕ್ರಿಕೆಟ್ ಚೆಂಡು ಬಡಿದು ಹೊರಳಾಡಿದವನು ಅರ್ಧ ಗಂಟೆಗೆಲ್ಲ ಮತ್ತೆ ಬ್ಯಾಟು ಹಿಡಿದಿದ್ದ. ಇದೂ ಹಾಗೇ ಹೋದೀತು ಎಂದುಕೊಂಡ. ಹೋಗಲಿಲ್ಲ.

ಎಂಟಾಯಿತು. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಹಿತ್ತಲಿಗೆ ಹೋಗಿ ನೋಡಿಕೊಂಡರೆ ಒಂದು ಕಡೆಯದು ಊದಿ ಮೇಲಕ್ಕೆ ಸರಿದಿತ್ತು. ಮದುವೆಯಾಗಿ ಆರೇ ತಿಂಗಳು. ಮಕ್ಕಳೇ ಆಗದಿದ್ದರೆ?

"ಏನ್ರೀ, ಕಾಲಿಗೆ ಕೆಂಡ ಕಟ್ಕೊಂಡೋರ ಥರ ಸುತ್ತುತಿದ್ದೀರಿ?" ಹೆಂಡತಿ ಸ್ವರೂಪ ಕೇಳಿದಳು. "ಎದೆ ತರಚಿದೆಯಲ್ಲ, ಎಣ್ಣೆ ಹಚ್ಚಲಾ?"

"ಹಚ್ಚು," ಎಂದ. ನೋವು ಒಂದು ಕಡೆ, ಎಣ್ಣೆ ಇನ್ನೊಂದು ಕಡೆ!

ಅಷ್ಟರಲ್ಲಿ ಸೋದರಮಾವ ಕಿಷ್ಟಯ್ಯ ಬಂದ. ಊರೆಲ್ಲ ನಗಿಸುವವನು. ಅಳಿಯನ ನಡಿಗೆ ನೋಡಿದ್ದೇ ಅವನ ನಗು ನಿಂತಿತು. ಬೇವಿನ ಮರೆಗೆ ಎಳೆದೊಯ್ದ.

"ಬಡಿದು ಎಷ್ಟು ಹೊತ್ತಾಯ್ತೋ?"

"ಏನು ಬಡಿದು?"

"ನನ್ನ ಹತ್ರ ನಾಟಕ ಬೇಡ. ಒಂದು ಗಂಟೇಲಿ ನೋವು ಇಳಿದಿದ್ರೆ ನಾನೇ ನಗಾಡ್ತಿದ್ದೆ. ಊದಿದೆಯಾ? ವಾಂತಿ ಬರೋ ಹಾಗಾಗ್ತಿದೆಯಾ?"

ಶ್ರೀಶೈಲಂ ಎರಡಕ್ಕೂ ಹೌದೆಂದು ತಲೆಯಾಡಿಸಿದ.

"ನಿಮ್ಮಪ್ಪನ ಮಾತು ಕೇಳಿ ನಾನೂ ಮೂರು ದಿನ ಬಾಯಿ ಮುಚ್ಕೊಂಡಿದ್ದೆ ಕಣೋ. ಕೊಳೆತು ಹೋಗಿತ್ತು. ಒಂದನ್ನ ತೆಗೆದುಹಾಕಿದ್ರು."

"ಮತ್ತೆ... ನಿನಗೆ ಇಬ್ಬರು ಹೆಣ್ಮಕ್ಕಳು ಹುಟ್ಟಿದ್ದು?"

"ಒಂದೇ ಸಾಕಾಯ್ತು. ಅದು ಗೊತ್ತಿಲ್ದೆ ನಾಲ್ಕು ವರ್ಷ ನಿಮ್ಮತ್ತೆ ಮುಖ ನೋಡೋಕೆ ಹೆದರಿದ್ದೆ. ಈಗ ನನ್ನ ಸ್ಕೂಟರು ಹತ್ತು, ಆಸ್ಪತ್ರೆಗೆ ಹೋಗೋಣ!"

ಹಳ್ಳ ಬಂದಲ್ಲೆಲ್ಲ ಶ್ರೀಶೈಲಂ ಮಾವನ ಹೆಗಲು ಹಿಡಿದು ಅರ್ಧ ಎದ್ದು ನಿಲ್ಲುತ್ತಿದ್ದ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸ್ಕ್ಯಾನ್ ನೋಡಿ, ಪೆಟ್ಟು ಬಿದ್ದು ಬೀಜ ತಿರುಚಿಕೊಂಡು ರಕ್ತ ಹರಿಯುವುದು ನಿಂತಿದೆ ಎಂದು ಹೇಳಿ ಕೂಡಲೇ ಆಪರೇಷನ್ನಿಗೆ ಒಳಗೆ ಒಯ್ದರು. ಕಿಷ್ಟಯ್ಯ ಬಾಗಿಲ ಮುಂದೆ ಬೀಡಿ ತೆಗೆಯುವುದು, ಜೇಬಿಗಿಡುವುದು, ಇದನ್ನೇ ಮಾಡಿದ. ಕೊನೆಗೆ ಡಾಕ್ಟರಮ್ಮ ಹೊರಬಂದು, "ಸರಿಯಾದ ಹೊತ್ತಿಗೆ ತಂದ್ರಿ. ಉಳೀತು," ಎಂದರು.

ಮರದ ಕೆಲಸದ ಗೆಳೆಯರು ಗೇಟಿನ ಬಳಿ ಕಾದಿದ್ದರು. "ಏನಾಗಿತ್ತು ಮಾವಾ?"

ಕಿಷ್ಟಯ್ಯ ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡು ಗಟ್ಟಿಯಾಗಿ ಹೇಳಿದ: "ಮರ ಜಾರಿ ಬೀಜಕ್ಕೆ ಪೆಟ್ಟಾಗಿತ್ತು. ಇವನದ್ದು ಉಳೀತು. ಹತ್ತೊಂಬತ್ತು ವರ್ಷದ ಹಿಂದೆ ನಂದು ಒಂದು ಹೋಯ್ತು. ನಗೋರು ನಗ್ರಪ್ಪಾ."

ಯಾರೂ ನಗಲಿಲ್ಲ.